ಹಳೆಯ ಡೆಸ್ಕ್‌ಟಾಪ್‌ನ ವೇಗ ಹೆಚ್ಚಿಸಲು ಮೊದಲು ಯಾವ ಬಿಡಿಭಾಗಕ್ಕೆ ಹಣ ಹಾಕಬೇಕು?

ಅಚ್ಚುಮೊಳೆ:
ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕೇಂದ್ರವೊಂದರಲ್ಲಿ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಮದುವೆಯ ಕರೆಯೋಲೆ, ಬಿಲ್ ಪುಸ್ತಕ, ಫ್ಲೆಕ್ಸ್ ವಿನ್ಯಾಸಗಳ ಜೊತೆಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಕೆಲಸವೂ ಒಂದೇ ಕಂಪ್ಯೂಟರಿನಲ್ಲಿ ನಡೆಯುತ್ತದೆ. ಇಂಟೆಲ್ ಐ3-3220 ಪ್ರೊಸೆಸರ್, ಎಚ್61 ಮದರ್‌ಬೋರ್ಡ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಇವಿಷ್ಟು ಅದರ ವಿವರ. ಬೆಳಿಗ್ಗೆ ಸ್ವಿಚ್ ಹಾಕಿದ ಮೇಲೆ ಪರದೆ ಬೇಗನೆ ಬಂದರೂ ಮೌಸ್ ನನ್ನ ಮಾತು ಕೇಳಲು ಬಹಳ ಹೊತ್ತು ಬೇಕು. ಕೋರೆಲ್‌ಡ್ರಾ ಮತ್ತು ಕ್ರೋಮ್ ಎರಡೂ ತೆರೆದಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಪರದೆ ಬೆಳ್ಳಗಾಗಿ ನಿಂತುಬಿಡುತ್ತದೆ, ಗಿರಾಕಿಗಳು ಕೌಂಟರಿನ ಮುಂದೆ ಕಾಯುತ್ತಾರೆ. ರಿಪೇರಿಗೆ ಬಂದಿದ್ದ ಒಬ್ಬರು 2 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಎಂದರು. ಇನ್ನೊಬ್ಬರು ಇದೇ ಬೋರ್ಡಿಗೆ ಸೆಕೆಂಡ್ ಹ್ಯಾಂಡ್ ಐ7-3770 ಕೂಡಿಸಿದರೆ ಹೊಸದರಂತೆ ಓಡುತ್ತದೆ ಎಂದರು. ಎಲ್ಲವನ್ನೂ ಒಟ್ಟಿಗೆ ಕೊಳ್ಳುವ ಶಕ್ತಿ ಇಲ್ಲ. ಮೊದಲು ಯಾವುದಕ್ಕೆ ಕೈ ಹಾಕಬೇಕು ಎಂಬುದನ್ನು ತಿಳಿದವರು ಹೇಳಬೇಕು.

ಬಯಲುಸೀಮೆ:
ಹಾರ್ಡ್ ಡಿಸ್ಕಿನ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿ ಹಾಕಿಸಿ. ಹಾರ್ಡ್ ಡಿಸ್ಕ್ ಮೇಲೆ ವಿಂಡೋಸ್ 10 ಓಡಿಸುತ್ತಿರುವ ಯಾರಿಗಾದರೂ ನಾನು ಕೊಡುವ ಉತ್ತರ ಇದೊಂದೇ. ಗ್ರಾಫಿಕ್ಸ್ ಕಾರ್ಡ್ ಸಲಹೆಯಂತೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಲೆಕ್ಕದ ಮೇಷ್ಟ್ರು:
ಬಯಲುಸೀಮೆಯವರ ಉತ್ತರವೇ ಕೊನೆಗೆ ಸರಿಯಾಗಬಹುದು, ಆದರೆ ಯಂತ್ರ ಯಾವುದಕ್ಕಾಗಿ ಕಾಯುತ್ತಿದೆ ಎಂದು ನೋಡದೆ ಹಣ ಬಿಚ್ಚುವುದು ಬೇಡ. ಅದನ್ನು ನೋಡಲು ಯಾವ ತಂತ್ರಾಂಶವನ್ನೂ ಹೊಸದಾಗಿ ತರಬೇಕಿಲ್ಲ, ವಿಂಡೋಸ್‌ನಲ್ಲೇ ಇದೆ.

ಮೊದಲು ರೀಸ್ಟಾರ್ಟ್ ಮಾಡಿ. ಷಟ್‌ಡೌನ್ ಮಾಡಿ ಮತ್ತೆ ಹಚ್ಚಿದರೆ ಸಾಲದು. ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಚಾಲೂ ಇದ್ದರೆ ಷಟ್‌ಡೌನ್ ಆದಾಗಲೂ ವಿಂಡೋಸ್‌ನ ತಿರುಳು ಡಿಸ್ಕಿನಲ್ಲಿ ಹಾಗೆಯೇ ಉಳಿದು, ಮರುದಿನ ಅಲ್ಲಿಂದಲೇ ಎದ್ದು ಬರುತ್ತದೆ. ರೀಸ್ಟಾರ್ಟ್ ಆದ ಬಳಿಕ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಆರಂಭದ ಹತ್ತು ನಿಮಿಷ ಬಿಟ್ಟುಬಿಡಿ, ಏಕೆಂದರೆ ವೈರಸ್ ತಪಾಸಣೆ, ಅಪ್‌ಡೇಟ್ ಹುಡುಕಾಟ, ಇಂಡೆಕ್ಸಿಂಗ್ ಎಲ್ಲವೂ ಆಗ ಮುಗಿಬೀಳುತ್ತವೆ. ಅನಂತರ ನೀವು ದಿನವೂ ಮಾಡುವ ಕೆಲಸವನ್ನೇ ಮಾಡುತ್ತಾ, ಪರದೆ ನಿಂತುಹೋದ ಆ ಗಳಿಗೆಯಲ್ಲಿ ಏನು ಕಾಣುತ್ತದೆಂದು ಬರೆದುಕೊಳ್ಳಿ. ಡಿಸ್ಕ್ ಪುಟದಲ್ಲಿ ಆಕ್ಟಿವ್ ಟೈಮ್ ಶೇಕಡಾ ಎಷ್ಟು, ಆವರೇಜ್ ರೆಸ್ಪಾನ್ಸ್ ಟೈಮ್ ಎಷ್ಟು ಮಿಲಿಸೆಕೆಂಡ್, ಓದುವ ವೇಗ ಎಷ್ಟು. ಮೆಮೊರಿ ಪುಟದಲ್ಲಿ ಇನ್ ಯೂಸ್, ಕಮಿಟೆಡ್, ಸ್ಲಾಟ್ಸ್ ಯೂಸ್ಡ್. ಸಿಪಿಯು ಪುಟದಲ್ಲಿ ಶೇಕಡಾವಾರು ಬಳಕೆ ಮತ್ತು ಅದರ ಕೆಳಗಿನ ಸ್ಪೀಡ್. ಇಷ್ಟನ್ನೂ ಇಲ್ಲಿ ಹಾಕಿದರೆ ಮುಂದಿನ ಮಾತಿಗೆ ಅರ್ಥ ಬರುತ್ತದೆ.

ಅಳೆಯಲೇಬೇಕು ಎಂದು ಪಟ್ಟು ಹಿಡಿಯುವುದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ಒಂದು ಕೆಲಸಕ್ಕೆ 100 ಸೆಕೆಂಡ್ ಹಿಡಿಯುತ್ತದೆ, ಅದರಲ್ಲಿ 70 ಸೆಕೆಂಡ್ ಡಿಸ್ಕಿಗಾಗಿ ಕಾಯುವುದರಲ್ಲೇ ಹೋಗುತ್ತದೆ, 30 ಸೆಕೆಂಡ್ ಮಾತ್ರ ಪ್ರೊಸೆಸರ್ ನಿಜವಾಗಿ ದುಡಿಯುತ್ತದೆ ಎಂದಿಟ್ಟುಕೊಳ್ಳಿ. ಎರಡು ಪಟ್ಟು ವೇಗದ ಪ್ರೊಸೆಸರ್ ತಂದರೆ 30 ಹೋಗಿ 15 ಆಗುತ್ತದೆ, ಒಟ್ಟು 85 ಸೆಕೆಂಡ್; ನಿಮಗೆ ವ್ಯತ್ಯಾಸ ಗೊತ್ತಾಗುವುದೇ ಕಷ್ಟ. ಅದೇ ಡಿಸ್ಕ್ ಹತ್ತು ಪಟ್ಟು ಚುರುಕಾದರೆ 70 ಹೋಗಿ 7 ಆಗುತ್ತದೆ, ಒಟ್ಟು 37 ಸೆಕೆಂಡ್. ಕಂಪ್ಯೂಟರ್ ವಿನ್ಯಾಸಕ ಜೀನ್ ಅಮ್ಡಾಲ್ 1967ರಲ್ಲಿ ಸಮಾನಾಂತರ ಸಂಸ್ಕರಣೆಯ ಮಿತಿಯ ಬಗ್ಗೆ ಮಂಡಿಸಿದ ವಾದದ ಸಾರವೇ ಇದು: ಒಟ್ಟು ಹೊತ್ತಿನಲ್ಲಿ ಒಂದು ಭಾಗದ ಪಾಲು ಎಷ್ಟಿದೆಯೋ, ಆ ಭಾಗವನ್ನು ಸುಧಾರಿಸಿದರೆ ಸಿಗುವ ಲಾಭ ಅದನ್ನು ಮೀರಲಾರದು. ಆ ಪಾಲನ್ನು ಊಹೆಯಿಂದ ಹೇಳಲು ಬರುವುದಿಲ್ಲ.

ಅಚ್ಚುಮೊಳೆ:
ಮೇಷ್ಟ್ರೇ, ನೀವು ಹೇಳಿದಂತೆಯೇ ನೋಡಿದೆ. ಕೋರೆಲ್‌ನಲ್ಲಿ ಒಂದು ಕರೆಯೋಲೆ, ಕ್ರೋಮ್‌ನಲ್ಲಿ ಅರ್ಜಿಯ ಐದಾರು ಟ್ಯಾಬ್, ಜೊತೆಗೆ ಒಂದು ಪಿಡಿಎಫ್ ತೆರೆದಿದ್ದಾಗ ಪರದೆ ನಿಂತಿತು. ಆಗ ಡಿಸ್ಕ್ ಶೇ. 100, ರೆಸ್ಪಾನ್ಸ್ ಟೈಮ್ 400ರಿಂದ 1,200 ಮಿಲಿಸೆಕೆಂಡ್ ನಡುವೆ ಏರಿಳಿಯುತ್ತಿತ್ತು. ವಿಚಿತ್ರವೆಂದರೆ ಓದುವ ವೇಗ ಸೆಕೆಂಡಿಗೆ 1 ಎಂಬಿಯನ್ನೂ ಮುಟ್ಟಲಿಲ್ಲ. ಮೆಮೊರಿ 3.9 ಜಿಬಿಯಲ್ಲಿ 3.6 ಬಳಕೆಯಲ್ಲಿತ್ತು, ಕಮಿಟೆಡ್ ಎಂಬಲ್ಲಿ 7.2/9.8 ಜಿಬಿ ಎಂದಿತ್ತು, ಸ್ಲಾಟ್ ಎರಡರಲ್ಲಿ ಒಂದು ತುಂಬಿದೆ. ಸಿಪಿಯು ಶೇ. 20ರಿಂದ 35, ಸ್ಪೀಡ್ 3.29 ಗಿಗಾಹರ್ಟ್ಜ್. ಡಿಸ್ಕ್ ಪೂರ್ತಿ ದುಡಿಯುತ್ತಿದೆ ಎನ್ನುತ್ತದೆ, ಆದರೆ ಓದಿದ್ದು ಮಾತ್ರ ಏನೂ ಇಲ್ಲ. ಇದು ಹೇಗೆ ಸಾಧ್ಯ?

ಲೆಕ್ಕದ ಮೇಷ್ಟ್ರು:
ಹಾರ್ಡ್ ಡಿಸ್ಕಿನ ಸ್ವಭಾವವೇ ಹಾಗೆ. ನಿಮ್ಮ ಡಿಸ್ಕ್ ನಿಮಿಷಕ್ಕೆ 7,200 ಸುತ್ತು ತಿರುಗುವಂಥದ್ದಾದರೆ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಎಂದರೆ 4.2 ಮಿಲಿಸೆಕೆಂಡ್. ಮುಳ್ಳು ಒಂದು ಜಾಡಿನಿಂದ ಇನ್ನೊಂದಕ್ಕೆ ಸರಿಯಲು ಹೆಚ್ಚುಕಡಿಮೆ 9 ಮಿಲಿಸೆಕೆಂಡ್. ಎರಡೂ ಸೇರಿ ಒಂದು ತುಣುಕಿಗೆ ಸುಮಾರು 13 ಮಿಲಿಸೆಕೆಂಡ್ ಆಯಿತು. ಹೀಗೆ ಚದುರಿದ ತುಣುಕುಗಳನ್ನು ಓದುವಾಗ ಸೆಕೆಂಡಿಗೆ 75ರ ಆಸುಪಾಸು ಮಾತ್ರ ಸಾಧ್ಯ. ಒಂದೊಂದು ತುಣುಕು 4 ಕೆಬಿ ಎಂದುಕೊಂಡರೆ ಸೆಕೆಂಡಿಗೆ 300 ಕೆಬಿ. ಇದೇ ಡಿಸ್ಕ್ ಒಂದು ದೊಡ್ಡ ಸಿನಿಮಾ ಫೈಲನ್ನು ಸಾಲಾಗಿ ಓದುವಾಗ ಸೆಕೆಂಡಿಗೆ 100 ಎಂಬಿಗಿಂತ ಹೆಚ್ಚು ಕೊಡಬಲ್ಲದು. ಆದರೆ ವಿಂಡೋಸ್ ಏಳುವಾಗ, ಕ್ರೋಮ್ ತೆರೆಯುವಾಗ, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಹೊರಳುವಾಗ ಬೇಕಾಗುವುದು ಸಾವಿರಾರು ಚಿಕ್ಕ ತುಣುಕುಗಳು. ಮುಳ್ಳು ಬಿಡುವಿಲ್ಲದೆ ಓಡಾಡುತ್ತಲೇ ಇದೆ, ಆದ್ದರಿಂದ ಶೇ. 100, ಕೈಗೆ ಬಂದದ್ದು ಬೊಗಸೆಯಷ್ಟು, ಆದ್ದರಿಂದ 1 ಎಂಬಿಗೂ ಕಡಿಮೆ.

ಸಾಟಾ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಸರಿಯುವ ಮುಳ್ಳೂ ಇಲ್ಲ. ಒಂದು ತುಣುಕಿಗೆ ಸುಮಾರು 0.1 ಮಿಲಿಸೆಕೆಂಡ್ ಸಾಕು. ನೂರು ಪಟ್ಟು ವ್ಯತ್ಯಾಸ ಎಂಬ ಮಾತು ಬರುವುದು ಇಲ್ಲಿಂದ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವ ಸೆಕೆಂಡಿಗೆ 550 ಎಂಬಿ ಎಂಬ ಅಂಕಿಗೂ ಇದಕ್ಕೂ ಹೆಚ್ಚು ಸಂಬಂಧವಿಲ್ಲ.

ನಿಮ್ಮ ಅಂಕಿಗಳಲ್ಲಿ ಇನ್ನೊಂದು ಸಂಗತಿ ಅಡಗಿದೆ. ಕಮಿಟೆಡ್ 7.2 ಜಿಬಿ ಎಂದರೆ ತೆರೆದಿರುವ ತಂತ್ರಾಂಶಗಳಿಗೆ ವಿಂಡೋಸ್ 7.2 ಜಿಬಿ ಒದಗಿಸುವುದಾಗಿ ಮಾತು ಕೊಟ್ಟಿದೆ, ಆದರೆ ಕೈಯಲ್ಲಿರುವ ರ‍್ಯಾಮ್ 3.9 ಜಿಬಿ ಮಾತ್ರ. ಉಳಿದದ್ದರಲ್ಲಿ ಬಹುಪಾಲು ಡಿಸ್ಕಿನ ಪೇಜ್ ಫೈಲ್‌ನಲ್ಲಿ ಕೂರಬೇಕಾಗುತ್ತದೆ. ನೀವು ಕೋರೆಲ್‌ನಿಂದ ಕ್ರೋಮ್‌ಗೆ ಹೊರಳಿದಾಗ ಕ್ರೋಮ್‌ನ ಪುಟಗಳನ್ನು ಡಿಸ್ಕಿನಿಂದ ಎತ್ತಿ ತರಬೇಕು, ಅದಕ್ಕೆ ಜಾಗ ಬೇಕೆಂದು ಕೋರೆಲ್‌ನ ಪುಟಗಳನ್ನು ಡಿಸ್ಕಿಗೆ ಇಳಿಸಬೇಕು. ರಿಸೋರ್ಸ್ ಮಾನಿಟರ್‌ನ ಮೆಮೊರಿ ಪುಟದಲ್ಲಿ ಹಾರ್ಡ್ ಫಾಲ್ಟ್ಸ್ ಪರ್ ಸೆಕೆಂಡ್ ಎಂಬ ಅಂಕಣವಿದೆ, ಹೀಗೆ ಡಿಸ್ಕಿನಿಂದ ಪುಟ ತರಬೇಕಾದ ಸಲಗಳ ಲೆಕ್ಕ ಅದು. ಆ ಕ್ಷಣದಲ್ಲಿ ಅದು ನೂರಾರಕ್ಕೆ ಏರುತ್ತಿದ್ದರೆ ಡಿಸ್ಕಿನ ಮೇಲೆ ಬೀಳುತ್ತಿರುವ ಹೊರೆಯಲ್ಲಿ ದೊಡ್ಡ ಪಾಲು ರ‍್ಯಾಮ್ ಕೊರತೆಯದ್ದೇ. ನಿಮ್ಮಲ್ಲಿ ಎರಡು ರೋಗಗಳು ಒಂದನ್ನೊಂದು ಬೆಳೆಸುತ್ತಿವೆ. ಪ್ರೊಸೆಸರ್ ಮಾತ್ರ ಶೇ. 70ರಷ್ಟು ಹೊತ್ತು ಸುಮ್ಮನೆ ಕುಳಿತಿದೆ. ಐ7 ಹಾಕಿದರೆ ಅದೂ ಸುಮ್ಮನೆ ಕೂರುತ್ತದೆ.

ಮಲೆನಾಡಿಗ:
ಹಾಗಿದ್ದರೆ ಮೊದಲು ರ‍್ಯಾಮ್ ಅಲ್ಲವೇ? ಮೂಲ ಕಾರಣ ಅದೇ ಎಂದು ನೀವೇ ಹೇಳಿದಿರಿ. ರ‍್ಯಾಮ್ ಕೊರತೆ ಇಟ್ಟುಕೊಂಡು ಎಸ್‌ಎಸ್‌ಡಿ ಹಾಕಿದರೆ ಇಡೀ ದಿನ ಪೇಜ್ ಫೈಲ್ ಬರೆದೂ ಬರೆದೂ ಅದು ಬೇಗ ಸವೆದುಹೋಗುತ್ತದೆ. ರ‍್ಯಾಮ್ ಮೊದಲು, ಎಸ್‌ಎಸ್‌ಡಿ ಆಮೇಲೆ ಎಂಬುದು ನನ್ನ ವಾದ.

ಲೆಕ್ಕದ ಮೇಷ್ಟ್ರು:
ವಾದ ಸರಿಯಾದ ಕಡೆಯೇ ಇದೆ. ಆದರೆ ಬೆಳಿಗ್ಗೆ ಸ್ವಿಚ್ ಹಾಕಿದಾಗ ರ‍್ಯಾಮ್ ಖಾಲಿಯಾಗಿಯೇ ಇರುತ್ತದೆ. 4 ಜಿಬಿ ಇರಲಿ, 16 ಜಿಬಿ ಇರಲಿ, ಮೊದಲ ಸಲ ಪ್ರತಿಯೊಂದನ್ನೂ ಡಿಸ್ಕಿನಿಂದಲೇ ತರಬೇಕು. ಆ ಕಾಯುವಿಕೆಯನ್ನು ರ‍್ಯಾಮ್ ಕಡಿಮೆ ಮಾಡಲಾರದು. ಕೋರೆಲ್‌ನಿಂದ ಕ್ರೋಮ್‌ಗೆ ಹೊರಳುವ ತೊಂದರೆಯನ್ನು ರ‍್ಯಾಮ್ ಬೇರುಸಹಿತ ಕಿತ್ತುಹಾಕುತ್ತದೆ, ಎಸ್‌ಎಸ್‌ಡಿಯಾದರೆ ಅದನ್ನು ಸಹಿಸುವಷ್ಟಕ್ಕೆ ಇಳಿಸುತ್ತದೆ. ಎಸ್‌ಎಸ್‌ಡಿ ಎರಡೂ ತೊಂದರೆಗಳನ್ನು ಮುಟ್ಟುತ್ತದೆ, ರ‍್ಯಾಮ್ ಒಂದನ್ನು ಮಾತ್ರ.

ಸವೆತದ ಲೆಕ್ಕವನ್ನೂ ಹಾಕೋಣ. 240 ಜಿಬಿಯ ಅಗ್ಗದ ಎಸ್‌ಎಸ್‌ಡಿಗಳಿಗೆ 80 ಟಿಬಿ ಬರೆಯುವವರೆಗಿನ ಭರವಸೆ ಕೊಟ್ಟಿರುವುದುಂಟು. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟಿಬಿ, ಎಂದರೆ ಹತ್ತು ವರ್ಷಕ್ಕೂ ಮಿಗಿಲು. ಆ ಹೊತ್ತಿಗೆ ಈ ಬೋರ್ಡ್ ಇರುವುದೇ ಅನುಮಾನ. ಎಸ್‌ಎಸ್‌ಡಿಗಳು ಸವೆದು ಸಾಯುವುದಕ್ಕಿಂತ ಕಂಟ್ರೋಲರ್ ಕೆಟ್ಟು ಹಠಾತ್ತನೆ ಸಾಯುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ, ಆದ್ದರಿಂದ ಬ್ಯಾಕಪ್ ಬಗ್ಗೆ ಚಿಂತಿಸಿ, ಪೇಜ್ ಫೈಲ್ ಬಗ್ಗೆ ಬೇಡ. ಅದನ್ನು ಆಫ್ ಮಾಡುವ ಸಲಹೆಯೂ ಯೂಟ್ಯೂಬಿನಲ್ಲಿ ಓಡಾಡುತ್ತಿದೆ. 4 ಜಿಬಿ ಯಂತ್ರದಲ್ಲಿ ಹಾಗೆ ಮಾಡಿದರೆ ಕೋರೆಲ್ ನಡುವೆಯೇ ಮುಚ್ಚಿಕೊಂಡು ಉಳಿಸದ ಕೆಲಸ ಹೋಗುತ್ತದೆ.

ಕಡಲತಡಿ:
ನಾನು ರಿಪೇರಿ ವೃತ್ತಿಯವನು, ಮಂಗಳೂರು ಕಡೆಯವನು. ಮೇಷ್ಟ್ರ ಲೆಕ್ಕಕ್ಕೆ ಒಂದು ಎಚ್ಚರಿಕೆ ಸೇರಿಸಬೇಕು. 1,200 ಮಿಲಿಸೆಕೆಂಡ್ ಎಂಬುದು ಆರೋಗ್ಯವಂತ ಹಾರ್ಡ್ ಡಿಸ್ಕಿಗೂ ಹೆಚ್ಚಾಯಿತು. ಡಿಸ್ಕಿಗಾಗಿ ಕಾಯುವ ಬೇಡಿಕೆಗಳ ಸಾಲು ಉದ್ದವಾದಾಗ ಆ ಮಟ್ಟ ಮುಟ್ಟಬಹುದಾದರೂ, ಡಿಸ್ಕೇ ಹೋಗುವ ಹಾದಿಯಲ್ಲಿದೆಯೇ ಎಂದು ಮೊದಲು ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಅದರಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳ ಬಲತುದಿಯ ಅಂಕಿ ಸೊನ್ನೆ ಇರಬೇಕು. 05 ಎಂದರೆ ಕೆಟ್ಟ ಜಾಗಕ್ಕೆ ಬದಲಿ ಜಾಗ ಕೊಟ್ಟ ಲೆಕ್ಕ. ಸಿ5 ಎಂದರೆ ಓದಲು ಒದ್ದಾಡುತ್ತಿರುವ, ಇನ್ನೂ ತೀರ್ಮಾನವಾಗದ ಜಾಗಗಳ ಲೆಕ್ಕ. ಇಂಥ ಜಾಗ ಎದುರಾದಾಗ ಡಿಸ್ಕ್ ಒಂದೇ ತುಣುಕನ್ನು ಮತ್ತೆ ಮತ್ತೆ ಓದಲು ಯತ್ನಿಸುತ್ತದೆ, ಇಡೀ ಯಂತ್ರ ಹೆಪ್ಪುಗಟ್ಟುತ್ತದೆ. ಸಿ7 (ಕೇಬಲಿನ ಮೂಲಕ ಸಾಗುವಾಗ ಆದ ತಪ್ಪುಗಳ ಲೆಕ್ಕ) ಮಾತ್ರ ಏರುತ್ತಿದ್ದರೆ ಡಿಸ್ಕಿಗಿಂತ ಮೊದಲು ಸಾಟಾ ಕೇಬಲ್ ಬದಲಿಸಿ ನೋಡಿ, ಅದಕ್ಕೆ ಅಂಥ ದುಡ್ಡೇನೂ ಆಗದು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂಕಿಗಳನ್ನು ಹದಿನಾರರ ಪದ್ಧತಿಯಲ್ಲಿ ತೋರಿಸುತ್ತದೆ ಎಂಬುದು ನೆನಪಿರಲಿ. 10 ಎಂದಿದ್ದರೆ ಅದು ಹದಿನಾರು. ಬೇಕಾದರೆ ಮೆನುವಿನಲ್ಲಿ ಹತ್ತರ ಪದ್ಧತಿಗೆ ಬದಲಿಸಿಕೊಳ್ಳಬಹುದು.

ಇನ್ನು ನಿಮ್ಮ ಬೋರ್ಡಿನ ವಿಷಯ. ಎಚ್61 ಚಿಪ್‌ಸೆಟ್‌ನಲ್ಲಿ ಇರುವುದು ಸೆಕೆಂಡಿಗೆ 3 ಗಿಗಾಬಿಟ್‌ನ ಸಾಟಾ 2 ಪೋರ್ಟ್‌ಗಳು. ಹಾಗಾಗಿ ಎಸ್‌ಎಸ್‌ಡಿಯ ಸಾಲಾಗಿ ಓದುವ ವೇಗ ಸೆಕೆಂಡಿಗೆ 280 ಎಂಬಿಯ ಸುತ್ತ ನಿಲ್ಲುತ್ತದೆ. ಅದಕ್ಕೆ ಬೇಸರ ಬೇಡ, ಮೇಷ್ಟ್ರು ಹೇಳಿದ ಚಿಕ್ಕ ತುಣುಕುಗಳ ಓದು ಈ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಈ ಬೋರ್ಡುಗಳಲ್ಲಿ ಹೊಸ ಬಗೆಯ ಚಿಕ್ಕ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಇರುವುದಿಲ್ಲ. ಪಿಸಿಐಇ ಕಾರ್ಡಿನ ಮೇಲೆ ಎನ್‌ವಿಎಂಇ ಎಂಬ ಹೆಚ್ಚು ವೇಗದ ಎಸ್‌ಎಸ್‌ಡಿ ಕೂಡಿಸಿ ಕೊಡುತ್ತೇನೆ ಎನ್ನುವವರಿದ್ದಾರೆ. ಆ ಕಾಲದ ಬಯಾಸ್ (ಯಂತ್ರವನ್ನು ಎಬ್ಬಿಸುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಅದರಿಂದ ವಿಂಡೋಸ್ ಎಬ್ಬಿಸುವುದಿಲ್ಲ, ಬಯಾಸ್ ತಿದ್ದುವ ಸಾಹಸ ಅಂಗಡಿಯ ಯಂತ್ರದಲ್ಲಿ ಬೇಡ. 2.5 ಇಂಚಿನ ಸಾಧಾರಣ ಸಾಟಾ ಎಸ್‌ಎಸ್‌ಡಿಯನ್ನೇ ಕೇಳಿ ಪಡೆಯಿರಿ. ಬಯಾಸ್‌ನಲ್ಲಿ ಸಾಟಾ ಮೋಡ್ ಐಡಿಇ ಎಂಬ ಹಳೆಯ ಪದ್ಧತಿಯಲ್ಲಿದ್ದರೆ ಹೊಸದಾದ ಎಎಚ್‌ಸಿಐಗೆ ಬದಲಿಸಿ, ಆಮೇಲೆ ವಿಂಡೋಸ್ ಹಾಕಿ. ಹಳೆಯ ವಿಂಡೋಸನ್ನೇ ಕ್ಲೋನ್ ಮಾಡಿ ತಂದು ಈ ಮೋಡ್ ಬದಲಿಸಿದರೆ ನೀಲಿ ಪರದೆ ಬರುವ ಸಾಧ್ಯತೆ ಹೆಚ್ಚು. ಒಮ್ಮೆ ಸೇಫ್ ಮೋಡ್‌ನಲ್ಲಿ ಎಬ್ಬಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ರ‍್ಯಾಮ್ ಕೊಳ್ಳುವಾಗಲೂ ಕಣ್ಣು ತೆರೆದಿರಲಿ. ಡಿಡಿಆರ್3 ಈಗ ಬಹುಮಟ್ಟಿಗೆ ಸೆಕೆಂಡ್ ಹ್ಯಾಂಡ್ ಸರಕು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಬಹಳ ಅಗ್ಗಕ್ಕೆ ಮಾರುವ ಕೆಲವು ಕಡ್ಡಿಗಳು ಎಎಂಡಿ ಬೋರ್ಡುಗಳಲ್ಲಿ ಮಾತ್ರ ನಡೆಯುವಂಥವು. ಇಂಟೆಲ್ ಬೋರ್ಡಿನಲ್ಲಿ ಹಾಕಿದರೆ ಪರದೆಯೇ ಬರುವುದಿಲ್ಲ. ವಾಪಸ್ ತೆಗೆದುಕೊಳ್ಳುತ್ತೇವೆ ಎಂಬ ಮಾತು ಪಡೆದೇ ಕೊಳ್ಳಿ. 1333 ಮತ್ತು 1600 ವೇಗದ ಕಡ್ಡಿಗಳನ್ನು ಬೆರೆಸಿದರೆ ಎರಡೂ 1333ರಲ್ಲೇ ಓಡುತ್ತವೆ, ಅದರಿಂದ ನಷ್ಟವೇನಿಲ್ಲ. ನಿಮ್ಮ ಎರಡನೆಯ ಸ್ಲಾಟ್ ಖಾಲಿ ಇರುವುದು ಅದೃಷ್ಟ: ಅಲ್ಲಿ ಇನ್ನೊಂದು 4 ಜಿಬಿ ಕೂತರೆ ಡ್ಯುಯಲ್ ಚಾನೆಲ್ ಆಗಿ (ಎರಡೂ ಕಡ್ಡಿಗಳು ಒಟ್ಟಿಗೆ ದುಡಿದು), ರ‍್ಯಾಮನ್ನೇ ಹಂಚಿಕೊಳ್ಳುವ ಒಳ ಗ್ರಾಫಿಕ್ಸ್‌ಗೂ ಸ್ವಲ್ಪ ಅನುಕೂಲವಾಗುತ್ತದೆ. ಕೊಳ್ಳುವ ಮೊದಲು ವಿಂಡೋಸ್ 32 ಬಿಟ್‌ನದೋ 64 ಬಿಟ್‌ನದೋ ಎಂದು ತಿಳಿಸುವ ಸಿಸ್ಟಮ್ ಟೈಪ್ ನೋಡಿ. ಹಳೆಯ ಕನ್ನಡ ತಂತ್ರಾಂಶಗಳಿಗಾಗಿ 32 ಬಿಟ್ ವಿಂಡೋಸನ್ನೇ ಉಳಿಸಿಕೊಂಡಿರುವ ಡಿಟಿಪಿ ಅಂಗಡಿಗಳು ಬಹಳ, ಅಂಥಲ್ಲಿ 8 ಜಿಬಿ ಹಾಕಿದರೂ 4ರ ಒಳಗಷ್ಟೇ ಬಳಕೆಯಾಗುತ್ತದೆ.

ಪಿಕ್ಸೆಲ್:
ಗ್ರಾಫಿಕ್ಸ್ ಕಾರ್ಡನ್ನು ಎಲ್ಲರೂ ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೀರಿ, ಅದರ ಪರವಾಗಿಯೂ ಒಬ್ಬರು ಮಾತನಾಡಬೇಕು. ಆಟಗಳಿಗೆ, ಬ್ಲೆಂಡರ್‌ನಂಥ ಮೂರು ಆಯಾಮದ ಕೆಲಸಕ್ಕೆ, ಡಾವಿಂಚಿ ರಿಸಾಲ್ವ್‌ನಲ್ಲಿ ವಿಡಿಯೊ ಸಂಕಲನಕ್ಕೆ ಅದೇ ಮೊದಲ ಖರ್ಚು. ಹಳೆಯ ಕೋರೆಲ್ ಆವೃತ್ತಿಗಳು ಮಾತ್ರ ಬಹುಪಾಲು ಪ್ರೊಸೆಸರ್ ಮೇಲೆಯೇ ಚಿತ್ರ ಬಿಡಿಸುತ್ತವೆ, ಆದ್ದರಿಂದ ಅಚ್ಚುಮೊಳೆಯವರಿಗೆ ಅದು ಬೇಡ ಎನ್ನುವುದನ್ನು ಒಪ್ಪುತ್ತೇನೆ.

ಮೂರನೆಯ ತಲೆಮಾರಿನ ಇಂಟೆಲ್ ಯಂತ್ರಗಳಿಗೆ ಕಾರ್ಡು ಉಪಯೋಗಕ್ಕೆ ಬರುವ ಇನ್ನೊಂದು ಜಾಗವಿದೆ. ಐ3-3220ರ ಒಳಗಿರುವ ಎಚ್‌ಡಿ 2500 ಗ್ರಾಫಿಕ್ಸ್‌ಗೆ ಎಚ್.264 ಪದ್ಧತಿಯಲ್ಲಿ ಕುಗ್ಗಿಸಿದ ವಿಡಿಯೊ ಬಿಡಿಸಲು ಬರುತ್ತದೆ, ಆದರೆ ಯೂಟ್ಯೂಬ್ ಇಂದು ಹೆಚ್ಚಾಗಿ ಕಳಿಸುವ ವಿಪಿ9 ಮತ್ತು ಎವಿ1 ಬರುವುದಿಲ್ಲ. ಆ ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ವಿಡಿಯೊ ಮೇಲೆ ಬಲ ಕ್ಲಿಕ್ ಮಾಡಿ ಸ್ಟ್ಯಾಟ್ಸ್ ಫಾರ್ ನರ್ಡ್ಸ್ ಆರಿಸಿದರೆ ಕೋಡೆಕ್ ಸಾಲಿನಲ್ಲಿ ಯಾವುದು ಎಂದು ಕಾಣುತ್ತದೆ. ಅಂಗಡಿಗಳಲ್ಲಿ 2 ಜಿಬಿ ಎಂದು ಮಾರುವ ಜಿಟಿ 710 ಕಾರ್ಡಿಗೂ ವಿಪಿ9 ಬರುವುದಿಲ್ಲ, ಜಿಟಿ 1030ಕ್ಕೆ ಬರುತ್ತದೆ. ಕಾರ್ಡಿನ ಮೇಲೆ ಎಷ್ಟು ಜಿಬಿ ಎಂದು ಬರೆದಿದೆ ಎಂಬುದರಿಂದ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಯೂಟ್ಯೂಬ್‌ಗಾಗಿ ಮಾತ್ರವೇ ಆದರೆ ಎಚ್.264 ಕಳಿಸುವಂತೆ ಒತ್ತಾಯಿಸುವ ಬ್ರೌಸರ್ ಎಕ್ಸ್‌ಟೆನ್ಶನ್ ಉಚಿತವಾಗಿ ಸಿಗುತ್ತದೆ.

ಹೊರನಾಡಿಗ:
ಇದೇ ಚರ್ಚೆಯಲ್ಲಿ ನನ್ನ ತೊಂದರೆಯನ್ನೂ ಹೇಳಿಕೊಳ್ಳಬಹುದೇ? ಲ್ಯಾಪ್‌ಟಾಪ್, ಐ5-4210ಯು. ಎಸ್‌ಎಸ್‌ಡಿ ಹಾಕಿಸಿದ್ದೇನೆ, ರ‍್ಯಾಮ್ 8 ಜಿಬಿ ಇದೆ. ಆದರೂ ಎರಡು ಟ್ಯಾಬ್ ತೆರೆದರೆ ಸಿಪಿಯು ಶೇ. 100 ತಲಪುತ್ತದೆ. ಡಿಸ್ಕ್ ಶೇ. 2, ಮೆಮೊರಿ ಶೇ. 50. ಮೇಷ್ಟ್ರ ಲೆಕ್ಕದಂತೆ ನನಗೆ ಬೇಕಾದದ್ದು ಹೊಸ ಪ್ರೊಸೆಸರ್. ಅದನ್ನು ಬದಲಿಸಲು ಬರುತ್ತದೆಯೇ?

ಕಡಲತಡಿ:
ಬರುವುದಿಲ್ಲ, ಯು ಸರಣಿಯ ಆ ಪ್ರೊಸೆಸರ್ ಬೋರ್ಡಿಗೆ ಬೆಸೆದೇ ಬಂದಿರುತ್ತದೆ. ಆದರೆ ಸಿಪಿಯು ಶೇ. 100 ಎಂಬ ಅಂಕಿಯ ಕೆಳಗೆ ಸ್ಪೀಡ್ ಎಷ್ಟು ಎಂದು ನೀವು ಬರೆದಿಲ್ಲ. ಅದರ ಮೂಲ ವೇಗ 1.7 ಗಿಗಾಹರ್ಟ್ಜ್, ಹೊರೆ ಬಿದ್ದಾಗ 2.7ರವರೆಗೆ ಏರಬೇಕು.

ಹೊರನಾಡಿಗ:
0.78 ಎಂದಿದೆ. ಏರುವುದೇ ಇಲ್ಲ.

ಕಡಲತಡಿ:
ಹಾಗಾದರೆ ನಿಮ್ಮ ಪ್ರೊಸೆಸರಿನ ಕಾಲು ಕಟ್ಟಿದ್ದಾರೆ. ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿ ನೋಡಿ. ಕೂಡಲೇ ವೇಗ 2ರ ಮೇಲಕ್ಕೆ ಹಾರಿದರೆ ತಪ್ಪು ಚಾರ್ಜರಿನದು: ಕೆಲವು ತಯಾರಕರ ಲ್ಯಾಪ್‌ಟಾಪ್‌ಗಳು ಚಾರ್ಜರಿನ ವ್ಯಾಟ್ ಎಷ್ಟೆಂದು ಅದರ ನಡುಪಿನ್ನಿನ ಮೂಲಕ ಕೇಳಿಕೊಳ್ಳುತ್ತವೆ, ಉತ್ತರ ಬಾರದಿದ್ದರೆ ಪ್ರೊಸೆಸರನ್ನು ಅತಿ ಕಡಿಮೆ ವೇಗಕ್ಕೆ ಇಳಿಸುತ್ತವೆ. ಡೂಪ್ಲಿಕೇಟ್ ಚಾರ್ಜರ್, ಮುರಿದ ಪಿನ್, ಸವೆದ ಸಾಕೆಟ್, ಮೂರರಲ್ಲಿ ಯಾವುದಾದರೂ ಆಗಿರಬಹುದು. ಬ್ಯಾಟರಿಯಲ್ಲೂ ಹಾಗೆಯೇ ಇದ್ದು ಫ್ಯಾನ್ ಬೊಬ್ಬೆ ಹಾಕುತ್ತಿದ್ದರೆ ಬಿಸಿಯ ತೊಂದರೆ. ಹಿಂಬದಿ ಬಿಚ್ಚಿದರೆ ಫ್ಯಾನಿಗೂ ಹೀಟ್‌ಸಿಂಕಿನ ರೆಕ್ಕೆಗಳಿಗೂ ನಡುವೆ ದೂಳು ಕಂಬಳಿಯಂತೆ ಕೂತಿರುತ್ತದೆ. ಹೊರಗಿನಿಂದ ಊದಿದರೆ ಅದು ಇನ್ನಷ್ಟು ಒಳಗೆ ಒತ್ತುತ್ತದೆಯೇ ಹೊರತು ಬರುವುದಿಲ್ಲ. ಅದನ್ನು ತೆಗೆದು ಒಣಗಿದ ಥರ್ಮಲ್ ಪೇಸ್ಟ್ ಬದಲಿಸಬೇಕು.

ಹೊರನಾಡಿಗ:
ಚಾರ್ಜರ್ ಕಿತ್ತ ತಕ್ಷಣ 2.4 ತೋರಿಸಿತು. ನಾನು ಬಳಸುತ್ತಿರುವುದು ಬೇರೆ ಕಡೆ ಕೊಂಡ ಚಾರ್ಜರ್. ಸರಿಯಾದ ವ್ಯಾಟಿನ ಮೂಲ ಚಾರ್ಜರ್ ತರಿಸುತ್ತೇನೆ, ಧನ್ಯವಾದ ಸರ್.

ಕರಿಹಲಗೆ:
ಶಾಲಾ ಮಕ್ಕಳಿಗೆಂದು ಕೊಂಡ ಸೆಲೆರಾನ್ ಎನ್4020, 4 ಜಿಬಿ, 64 ಜಿಬಿ ಇಎಂಎಂಸಿ ಸಂಗ್ರಹ ಇರುವ ಚಿಕ್ಕ ಲ್ಯಾಪ್‌ಟಾಪಿಗೂ ಏನಾದರೂ ದಾರಿ ಇದೆಯೇ?

ಕಡಲತಡಿ:
ಹೆಚ್ಚಿನ ಮಾದರಿಗಳಲ್ಲಿ ಇಲ್ಲ. ಪ್ರೊಸೆಸರ್, ರ‍್ಯಾಮ್, ಸಂಗ್ರಹ ಮೂರೂ ಬೋರ್ಡಿಗೆ ಬೆಸೆದಿರುತ್ತವೆ. ಕೆಳಗಿನ ಮುಚ್ಚಳದ ಒಳಗೆ ಖಾಲಿ ಎಂ.2 ಸ್ಲಾಟ್ ಇರುವ ಮಾದರಿಗಳೂ ಇವೆ. ಮಾದರಿ ಸಂಖ್ಯೆ ಹಾಕಿ ಸರ್ವಿಸ್ ಮ್ಯಾನ್ಯುಯಲ್ ನೋಡಿ. ಇಲ್ಲವಾದರೆ ಹಣ ಹಾಕಬೇಡಿ.

ಅಚ್ಚುಮೊಳೆ:
ಎಲ್ಲರ ಸಲಹೆಯ ಫಲ ತಿಳಿಸಲು ಬಂದೆ. ಸಿ5 ಸಾಲಿನಲ್ಲಿ 48 ಇತ್ತು, ಆದ್ದರಿಂದ ಎಸ್‌ಎಸ್‌ಡಿ ಬೇಕೇ ಬೇಡವೇ ಎಂಬ ಪ್ರಶ್ನೆಯೇ ಉಳಿಯಲಿಲ್ಲ. ಕಡತಗಳನ್ನು ಮೊದಲು ಹೊರಗಿನ ಡಿಸ್ಕಿಗೆ ಇಳಿಸಿ, 240 ಜಿಬಿ ಎಸ್‌ಎಸ್‌ಡಿಯಲ್ಲಿ ಎಎಚ್‌ಸಿಐ ಮಾಡಿ 64 ಬಿಟ್ ವಿಂಡೋಸ್ ಹೊಸದಾಗಿ ಹಾಕಿಸಿದೆ. ಆ ದಿನಗಳಲ್ಲಿ ರ‍್ಯಾಮ್ 4 ಜಿಬಿಯೇ ಇತ್ತು. ಬೆಳಗಿನ ಕಾಯುವಿಕೆ ಹೇಳಹೆಸರಿಲ್ಲದಂತೆ ಹೋಯಿತು. ಕೋರೆಲ್‌ನಿಂದ ಕ್ರೋಮ್‌ಗೆ ಹೊರಳುವಾಗ ಒಂದೆರಡು ಸೆಕೆಂಡ್ ತಡೆಯುತ್ತಿತ್ತು. ಆಮೇಲೆ ಎರಡನೆಯ 4 ಜಿಬಿ ಸಿಕ್ಕಿತು, ಹಾಕಿದ ಮೇಲೆ ಆ ತಡೆಯೂ ಇಲ್ಲ. ಮೇಷ್ಟ್ರು ಹೇಳಿದ ಹಂಚಿಕೆಯಂತೆಯೇ ಆಯಿತು.

ಬದಲಾಗದೆ ಉಳಿದವೂ ಇವೆ. ಸ್ಕ್ಯಾನರ್ ಒಂದು ಪುಟಕ್ಕೆ ಮೊದಲು ಹಿಡಿಯುತ್ತಿದ್ದಷ್ಟೇ ಹೊತ್ತು ಹಿಡಿಯುತ್ತದೆ. ಅರ್ಜಿ ತುಂಬುವ ಸರ್ಕಾರಿ ಜಾಲತಾಣ ಮಧ್ಯಾಹ್ನದ ಹೊತ್ತು ಮೊದಲಿನಂತೆಯೇ ಸುತ್ತುತ್ತಾ ನಿಲ್ಲುತ್ತದೆ. ಇವೆರಡೂ ನನ್ನ ಯಂತ್ರದ ಕೈಯಲ್ಲಿಲ್ಲ ಎಂದು ಅರ್ಥವಾಗಿದೆ. ಮೂರನೆಯದು, ದೊಡ್ಡ ಫ್ಲೆಕ್ಸ್ ವಿನ್ಯಾಸವನ್ನು ಕೋರೆಲ್‌ನಿಂದ ಪಿಡಿಎಫ್ ಮಾಡುವಾಗ ಈಗಲೂ ಒಂದು ನಿಮಿಷ ಆಗುತ್ತದೆ. ಆಗ ಡಿಸ್ಕ್ ಸುಮ್ಮನಿದೆ, ಮೆಮೊರಿ ಖಾಲಿ ಇದೆ, ಸಿಪಿಯು ಶೇ. 27 ಮಾತ್ರ. ಯಾವುದೂ ತುಂಬಿಲ್ಲ, ಆದರೂ ನಿಧಾನ. ಈಗಲಾದರೂ ಐ7-3770 ಹಾಕಿಸಬಹುದೇ?

ಲೆಕ್ಕದ ಮೇಷ್ಟ್ರು:
ಸಿಪಿಯು ಗ್ರಾಫ್ ಮೇಲೆ ಬಲ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ಸ್ ಆರಿಸಿ. ನಿಮ್ಮ ಐ3ರಲ್ಲಿ ಎರಡು ಕೋರ್, ನಾಲ್ಕು ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ). ನಾಲ್ಕು ಚೌಕಗಳು ಕಾಣುತ್ತವೆ. ಒಂದೇ ಥ್ರೆಡ್ ಪೂರ್ತಿ ದುಡಿದರೆ ಒಟ್ಟು ಲೆಕ್ಕದಲ್ಲಿ ಅದು ಶೇ. 25 ಎಂದಷ್ಟೇ ಕಾಣಿಸುತ್ತದೆ. ನಿಮ್ಮ 27 ಅದರದ್ದೇ ಗುರುತು: ಪಿಡಿಎಫ್ ಮಾಡುವ ಕೆಲಸವನ್ನು ಆ ತಂತ್ರಾಂಶ ಒಂದೇ ಥ್ರೆಡ್‌ಗೆ ಒಪ್ಪಿಸಿದೆ, ಉಳಿದವು ನೋಡುತ್ತಾ ಕುಳಿತಿವೆ. ಆ ಒಂದು ಥ್ರೆಡ್ ಒಂದು ಚೌಕದಿಂದ ಇನ್ನೊಂದಕ್ಕೆ ಜಿಗಿಯುತ್ತಿರಬಹುದಾದ್ದರಿಂದ ಒಂದೇ ಚೌಕ ಪೂರ್ತಿ ತುಂಬಿದಂತೆ ಕಾಣದೆಯೂ ಇರಬಹುದು.

ಐ7-3770ರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. ಆದರೆ ಈ ಕೆಲಸಕ್ಕೆ ಅವುಗಳಲ್ಲಿ ಒಂದೇ ಸಾಕು, ಏಳು ವ್ಯರ್ಥ. ಲೆಕ್ಕಕ್ಕೆ ಬರುವುದು ಒಂದು ಕೋರಿನ ವೇಗ: ನಿಮ್ಮದು 3.3, ಅದರದ್ದು ಟರ್ಬೊದಲ್ಲಿ 3.9 ಗಿಗಾಹರ್ಟ್ಜ್. ಎರಡೂ ಒಂದೇ ತಲೆಮಾರಿನವಾದ್ದರಿಂದ ವ್ಯತ್ಯಾಸ ಹೆಚ್ಚುಕಡಿಮೆ ಶೇ. 18, ಕ್ಯಾಷ್ (ಪ್ರೊಸೆಸರಿನ ಒಳಗಿನ ಮೆಮೊರಿ) ದೊಡ್ಡದಿರುವುದರಿಂದ ಅದರ ಮೇಲೆ ಚೂರುಪಾರು. 60 ಸೆಕೆಂಡಿನ ಕೆಲಸ 51ಕ್ಕೆ ಇಳಿಯುತ್ತದೆ. ಆ 9 ಸೆಕೆಂಡಿಗಾಗಿ ಸೆಕೆಂಡ್ ಹ್ಯಾಂಡ್ ಪ್ರೊಸೆಸರ್ ಕೊಂಡು, 55 ವ್ಯಾಟ್ ಬದಲು 77 ವ್ಯಾಟ್‌ನ ಬಿಸಿಯನ್ನು ಹಳೆಯ ಫ್ಯಾನಿನ ಮೇಲೆ ಹೇರಬೇಕೇ ಎಂಬುದನ್ನು ನೀವೇ ನಿರ್ಧರಿಸಿ. ನಾನಾದರೆ ಹಾಕಿಸುವುದಿಲ್ಲ. ವಿಡಿಯೊ ಬದಲಾಯಿಸುವುದು, ದೊಡ್ಡ ಜಿಪ್ ಕಡತ ಕಟ್ಟುವುದು ನಿಮ್ಮ ದಿನದ ಕೆಲಸವಾಗಿದ್ದು, ಆಗ ನಾಲ್ಕೂ ಚೌಕ ತುಂಬುತ್ತಿದ್ದರೆ ನನ್ನ ಉತ್ತರ ಬೇರೆಯಾಗುತ್ತಿತ್ತು.

ಇನ್ನೊಂದು ದೃಷ್ಟಿಯಿಂದಲೂ ನೋಡಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಎಂಟನೆಯ ಅಥವಾ ನಂತರದ ತಲೆಮಾರಿನ ಇಂಟೆಲ್ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ, ನಿಮ್ಮ ಬೋರ್ಡು ಆ ಸಾಲಿಗೆ ಬರುವುದಿಲ್ಲ, ಐ7-3770 ಹಾಕಿದರೂ ಬರುವುದಿಲ್ಲ. ಬ್ಯಾಂಕು ಮತ್ತು ಅರ್ಜಿಯ ಕೆಲಸ ಮಾಡುವ ಯಂತ್ರವಾದ್ದರಿಂದ ಭದ್ರತಾ ಅಪ್‌ಡೇಟ್ ಇಲ್ಲದೆ ಬಹಳ ಕಾಲ ಓಡಿಸುವುದು ತರವಲ್ಲ, ಇಂದಲ್ಲ ನಾಳೆ ಬೋರ್ಡು ಬದಲಿಸಲೇಬೇಕು. ನೀವು ಕೊಂಡ ಸಾಟಾ ಎಸ್‌ಎಸ್‌ಡಿ ಆಗ ಹೊಸ ಯಂತ್ರಕ್ಕೂ ಹೋಗುತ್ತದೆ. ಡಿಡಿಆರ್3 ರ‍್ಯಾಮ್ ಹೋಗುವುದಿಲ್ಲ, ಐ7 ಅಂತೂ ಹೋಗುವುದೇ ಇಲ್ಲ. ಪ್ರೊಸೆಸರಿನ ದುಡ್ಡನ್ನು ಹಾಗೆಯೇ ಇಟ್ಟುಕೊಂಡಿರಿ.

ಮಲೆನಾಡಿಗ:
ಲಿನಕ್ಸ್ ಮಿಂಟ್ ಹಾಕಿಕೊಂಡರೆ ಬೆಂಬಲದ ಚಿಂತೆ ಇಲ್ಲ, ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸದ ಕನ್ನಡ ಕೀಲಿಮಣೆಯೂ ಅದರಲ್ಲಿ ಸಿಗುತ್ತದೆ. ಕೋರೆಲ್ ಮಾತ್ರ ಸಿಗುವುದಿಲ್ಲ, ಹಾಗಾಗಿ ಅಚ್ಚುಮೊಳೆಯವರಿಗೆ ಒಗ್ಗದು. ಅರ್ಜಿ ಮತ್ತು ಮುದ್ರಣದ ಕೆಲಸವಷ್ಟೇ ಇರುವವರು ನೋಡಬಹುದು.

ಅಚ್ಚುಮೊಳೆ:
ಪ್ರೊಸೆಸರ್ ಕೈಬಿಟ್ಟೆ. ಕೊನೆಯದೊಂದು ಪ್ರಶ್ನೆ. ಆ ಹಳೆಯ 500 ಜಿಬಿ ಡಿಸ್ಕನ್ನು ಎರಡನೆಯ ಡಿಸ್ಕಾಗಿ ಇಟ್ಟುಕೊಂಡು, ಹಳೆಯ ಕರೆಯೋಲೆಗಳ ಬ್ಯಾಕಪ್‌ಗೆ ಬಳಸಬಹುದೇ?

ಕಡಲತಡಿ:
ಬ್ಯಾಕಪ್‌ಗೆ ಬೇಡ. ಸಿ5ರಲ್ಲಿ 48 ಇರುವ ಡಿಸ್ಕ್ ಯಂತ್ರದಲ್ಲಿ ಸುಮ್ಮನೆ ಜೋಡಿಸಿದ್ದರೂ, ಆ ಜಾಗ ಮುಟ್ಟಿದಾಗಲೆಲ್ಲ ಫೈಲ್ ಎಕ್ಸ್‌ಪ್ಲೋರರ್ ನಿಂತುಹೋಗುತ್ತದೆ, ನೀವು ಎಸ್‌ಎಸ್‌ಡಿ ನಿಧಾನವಾಯಿತು ಎಂದು ಮತ್ತೆ ಇಲ್ಲಿಗೆ ಬರುತ್ತೀರಿ. ಕಡತಗಳೆಲ್ಲ ಬೇರೆಡೆ ಸುರಕ್ಷಿತವಾಗಿವೆ ಎಂದು ಖಚಿತವಾದ ಮೇಲೆ ಬೇಕಿದ್ದರೆ ಒಂದು ಪರೀಕ್ಷೆ ಮಾಡಿ. ಕ್ವಿಕ್ ಫಾರ್ಮ್ಯಾಟ್ ಎಂಬ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಹಾಕಿ. ಗಂಟೆಗಟ್ಟಲೆ ಹಿಡಿಯುತ್ತದೆ, ಅಂಗಡಿ ಮುಚ್ಚುವಾಗ ಹಚ್ಚಿಬಿಡಿ. ಪ್ರತಿಯೊಂದು ಜಾಗಕ್ಕೂ ಹೊಸದಾಗಿ ಬರೆದಾಗ ಆ 48 ಜಾಗಗಳ ಬಗ್ಗೆ ಡಿಸ್ಕ್ ತೀರ್ಮಾನ ತೆಗೆದುಕೊಳ್ಳುತ್ತದೆ, ಸರಿಯಿದ್ದವು ಪಟ್ಟಿಯಿಂದ ಹೋಗುತ್ತವೆ, ಕೆಟ್ಟವು 05ರ ಲೆಕ್ಕಕ್ಕೆ ಸೇರುತ್ತವೆ. ಸಿ5 ಸೊನ್ನೆಗಿಳಿದು 05 ಏರದೆ ನಿಂತರೆ, ಕಳೆದುಹೋದರೂ ಚಿಂತೆಯಿಲ್ಲದ ಫಾಂಟ್ ಸಂಗ್ರಹ, ಡೌನ್‌ಲೋಡ್‌ಗಳಿಗೆ ಇಟ್ಟುಕೊಳ್ಳಿ. ಕೆಲವು ದಿನಗಳಲ್ಲಿ ಎರಡರಲ್ಲಿ ಯಾವುದೇ ಅಂಕಿ ಮತ್ತೆ ಏರಿದರೆ ಕೇಬಲ್ ಕಿತ್ತು ಗುಜರಿಗೆ ಹಾಕಿ. ಗಿರಾಕಿಗಳ ಆಧಾರ್ ಪ್ರತಿಗಳು ಅದರಲ್ಲಿದ್ದವು ಎಂದಾದರೆ ತಟ್ಟೆಗೆ ಡ್ರಿಲ್ ಹೊಡೆಸಿದ ಮೇಲೆಯೇ ಹಾಕಿ.